ಆಟಿಸಂ: ನ್ಯೂನತೆನಾ, ಭಿನ್ನತೆನಾ?

ಈ ಪ್ರಶ್ನೆಗೆ ಹೆತ್ತವರಲ್ಲೇ ಎರಡು ಗುಂಪಿದೆ.

ಅಮೆರಿಕದಲ್ಲಿ 1943ರಲ್ಲಿ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದರು. ಆಮೇಲೆ ಎಷ್ಟೋ ತಜ್ಞರು ತಾಯಂದಿರಿಗೇ ಪ್ರೀತಿಯಿಲ್ಲ ಅಂತ ದೂರಿದರು. 1964ರಲ್ಲಿ ಬರ್ನಾರ್ಡ್ ರಿಮ್ಲ್ಯಾಂಡ್, ಅಂಥ ಮಗುವಿನ ಅಪ್ಪ, ಇದು ನರಮಂಡಲದ ನ್ಯೂನತೆ, ತಾಯಿಯ ತಪ್ಪಲ್ಲ ಅಂತ ಪುಸ್ತಕ ಬರೆದರು. ಅವತ್ತು ಆ ಪದವೇ ತಾಯಂದಿರಿಗೆ ಬಿಡುಗಡೆ. 1993ರಲ್ಲಿ ಸ್ವತಃ ಆಟಿಸಂ ಇರುವ ಜಿಮ್ ಸಿಂಕ್ಲೇರ್, ನಾವಿರೋದೇ ಹೀಗೆ, ಗೋಳಾಡಬೇಡಿ ಅಂತ ಹೆತ್ತವರಿಗೇ ಹೇಳಿದರು. ಕೆಲವರು ಒಪ್ಪಿದರು. ಮಾತೇ ಬಾರದ ಮಕ್ಕಳನ್ನು ಹಗಲುರಾತ್ರಿ ನೋಡಿಕೊಳ್ಳೋ ಹಲವರು ಒಪ್ಪಲಿಲ್ಲ.

ನಮ್ಮ 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಹೆಸರೇ ಇರಲಿಲ್ಲ. 2016ರ ಕಾಯ್ದೆಯಲ್ಲಿ ಬಂತು. ಸೌಲಭ್ಯಕ್ಕೆ ಪ್ರಮಾಣಪತ್ರ ಬೇಕು. ಜಾತಿ ಪ್ರಮಾಣಪತ್ರ ಹಿಡಿದು ಓದಿದ ನನಗೆ ಗೊತ್ತು: ಆ ಕಾಗದ ನಮ್ಮ ಹಕ್ಕು, ನಾವು ಕೀಳು ಅನ್ನೋದಕ್ಕೆ ಸಾಕ್ಷಿಯಲ್ಲ.