ಪ್ರೆಬಿಷ್–ಸಿಂಗರ್ ವಾದ

ಕಚ್ಚಾ ಸರಕು ಮಾರಿ ಕಾರ್ಖಾನೆಯ ಮಾಲು ಕೊಳ್ಳುವ ದೇಶಗಳು, ವರ್ಷಗಳು ಉರುಳಿದಂತೆ ಅದೇ ಮಾಲಿಗೆ ಹೆಚ್ಚು ಹೆಚ್ಚು ಸರಕು ತೆರಬೇಕಾಗುತ್ತದೆ ಎಂಬ ಅರ್ಥಶಾಸ್ತ್ರೀಯ ವಾದ. ಅರ್ಜೆಂಟೀನಾದ ರಾವುಲ್ ಪ್ರೆಬಿಷ್ (1901–1986) ಮತ್ತು ಜರ್ಮನಿಯಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ನೆಲೆಸಿದ ಹಾನ್ಸ್ ಸಿಂಗರ್ 1949–50ರಲ್ಲಿ ಇದನ್ನು ಬೇರೆಬೇರೆಯಾಗಿ ಮಂಡಿಸಿದರು.

ಪ್ರೆಬಿಷ್ ಈ ತೀರ್ಮಾನಕ್ಕೆ ಬಂದದ್ದು ಆಡಳಿತದ ಅನುಭವದಿಂದ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಗೋಧಿ, ಮಾಂಸದ ಬೆಲೆ ನೆಲಕಚ್ಚಿತು. 1933ರಲ್ಲಿ ಮಾಂಸದ ರಫ್ತನ್ನು ಉಳಿಸಿಕೊಳ್ಳಲು ಲಂಡನ್ನಿಗೆ ಹೋದ ನಿಯೋಗದಲ್ಲಿ ಅವರೂ ಇದ್ದರು. 1935ರಿಂದ 1943ರವರೆಗೆ ತಮ್ಮ ದೇಶದ ಕೇಂದ್ರ ಬ್ಯಾಂಕನ್ನು ನಡೆಸಿದರು. ಮುಕ್ತ ವ್ಯಾಪಾರದಿಂದ ಎಲ್ಲರಿಗೂ ಲಾಭ ಎಂಬ ಪಠ್ಯಪುಸ್ತಕದ ಮಾತಿನಲ್ಲಿ ಆ ಹೊತ್ತಿಗೆ ಅವರಿಗೆ ನಂಬಿಕೆ ಹೋಗಿತ್ತು.

ಆಧಾರವಾಗಿ ಬಳಸಿದ್ದು ಬ್ರಿಟನ್ನಿನ ವ್ಯಾಪಾರದ ಅಂಕಿಅಂಶ. ಸಿದ್ಧವಸ್ತುಗಳೆದುರು ಕಚ್ಚಾ ಸರಕಿನ ಬೆಲೆ 1876–80ರಲ್ಲಿ 100 ಎಂದಿಟ್ಟುಕೊಂಡರೆ 1936–38ಕ್ಕೆ 64.1ಕ್ಕೆ ಇಳಿದಿತ್ತು. ಪ್ರೆಬಿಷ್ ಕೊಟ್ಟ ಕಾರಣ ಹೀಗೆ: ಕೈಗಾರಿಕಾ ದೇಶಗಳಲ್ಲಿ ಉತ್ಪಾದಕತೆ ಏರಿದಾಗ ಅದರ ಫಲ ಸಂಘಟಿತ ಕಾರ್ಮಿಕರ ಕೂಲಿಗೂ ಮಾಲೀಕರ ಲಾಭಕ್ಕೂ ಸೇರುತ್ತದೆ, ಬೆಲೆ ಇಳಿಯುವುದಿಲ್ಲ, ಮುಗ್ಗಟ್ಟು ಬಂದರೂ ಆ ಕೂಲಿ ಸುಲಭಕ್ಕೆ ತಗ್ಗದು. ಹೊಲ, ತೋಟ, ಗಣಿಗಳಲ್ಲಿ ದುಡಿಯುವವರಿಗೆ ಅಂಥ ಬಲವಿಲ್ಲದ್ದರಿಂದ ಅಲ್ಲಿನ ಉಳಿತಾಯವೆಲ್ಲ ಅಗ್ಗದ ಬೆಲೆಯಾಗಿ ಕೊಳ್ಳುವವರ ಪಾಲಾಗುತ್ತದೆ. ಸಿಂಗರ್ ಬೇಡಿಕೆಯತ್ತ ಬೊಟ್ಟು ಮಾಡಿದರು: ಆದಾಯ ಇಮ್ಮಡಿಯಾಯಿತೆಂದು ಯಾರೂ ಎರಡರಷ್ಟು ಉಣ್ಣುವುದಿಲ್ಲ.

ಅಂಕಿಅಂಶಕ್ಕೆ ಬಂದ ಆಕ್ಷೇಪ ಗಟ್ಟಿಯಾದದ್ದೇ. ಬ್ರಿಟನ್ನಿನ ಆಮದು ಬೆಲೆಯಲ್ಲಿ ಹಡಗಿನ ಬಾಡಿಗೆಯೂ ಸೇರಿತ್ತು. ಉಗಿಹಡಗುಗಳ ಕಾಲದಲ್ಲಿ ಆ ಬಾಡಿಗೆ ಇಳಿದದ್ದನ್ನೇ ಸರಕಿನ ಬೆಲೆ ಬಿದ್ದಂತೆ ಎಣಿಸಿದಂತಾಯಿತು. ಯಂತ್ರಗಳ ಗುಣಮಟ್ಟ ಸುಧಾರಿಸಿದ್ದೂ ಲೆಕ್ಕಕ್ಕೆ ಬಂದಿರಲಿಲ್ಲ. ಆದರೂ ವಾದ ಬಿದ್ದುಹೋಗಲಿಲ್ಲ: 1900ರಿಂದ ಮುಂದಿನ ಬೆಲೆಗಳನ್ನು ಹೊಸದಾಗಿ ಜೋಡಿಸಿದ ಗ್ರಿಲ್ಲಿ ಮತ್ತು ಯಾಂಗ್ 1988ರಲ್ಲಿ ವರ್ಷಕ್ಕೆ ಸುಮಾರು ಶೇ. 0.5ರ ಇಳಿಕೆಯನ್ನು ಕಂಡರು.

ಆಮದಿಗೆ ಬದಲಾಗಿ ಸ್ವದೇಶಿ ಕೈಗಾರಿಕೆ ಕಟ್ಟುವ ಲ್ಯಾಟಿನ್ ಅಮೆರಿಕದ ನೀತಿಗೆ ಈ ವಾದವೇ ಬೆಂಬಲವಾಯಿತು. ಸುಂಕದ ಗೋಡೆ ಅತಿಯಾದದ್ದನ್ನು ಮುಂದೆ ಪ್ರೆಬಿಷ್ ಅವರೇ ಟೀಕಿಸಿದರೆಂಬುದನ್ನು ಅವರ ವಿರೋಧಿಗಳು ಮರೆಯುವುದುಂಟು. 1964ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನ ಸೇರಿದಾಗ ಅದರ ಸಾರಥ್ಯ ಅವರದಾಗಿತ್ತು. ಬಡ ದೇಶಗಳ ಸಿದ್ಧವಸ್ತುಗಳಿಗೆ ಸುಂಕದ ರಿಯಾಯಿತಿ ಕೊಡುವ ತತ್ವವನ್ನು 1968ರ ನವದೆಹಲಿ ಸಮ್ಮೇಳನ ಒಪ್ಪಿತು.

1991ರಲ್ಲಿ ಸಿಂಗರ್ ಅವರು ಪ್ರಬೀರಜಿತ್ ಸರ್ಕಾರ್ ಜೊತೆ ಬರೆದ ಲೇಖನ, ಅಭಿವೃದ್ಧಿಶೀಲ ದೇಶಗಳ ಕಾರ್ಖಾನೆಯ ಮಾಲಿಗೂ 1965ರಿಂದೀಚೆಗೆ ಇದೇ ಗತಿ ಬಂದಿದೆ ಎಂದು ವಾದಿಸಿತು.