ಮಂಗನ ಕಾಯಿಲೆಯ ರಕ್ತ, ಯಂತ್ರದ ಕೈ

ಡಿಸೆಂಬರ್ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಜ್ವರದವರ ರಕ್ತ ತೆಗೆಯುವ ಕೆಲಸಕ್ಕೆ ಬೇರೆಯೇ ಗಾಂಭೀರ್ಯ ಬರುತ್ತದೆ. ದರಗು ಗುಡಿಸಲು, ಸೊಪ್ಪು ಕಡಿಯಲು ಬೆಟ್ಟ ಹತ್ತಿದವರಿಗೆ ಉಣುಗು ಕಚ್ಚಿರಬಹುದು. ಬಂದಿರುವ ಜ್ವರ ಮಂಗನ ಕಾಯಿಲೆಯೇ ಇರಬಹುದು. ಜ್ವರದ ಮೊದಲ ವಾರದಲ್ಲಿ ಈ ವೈರಸ್ ರಕ್ತದಲ್ಲಿ ದಂಡಿಯಾಗಿರುತ್ತದೆ. ಪತ್ತೆ ಮಾಡಲು ಅದೇ ಒಳ್ಳೆಯ ಕಾಲ, ಟ್ಯೂಬಿನ ಮುಚ್ಚಳ ತೆರೆಯುವವರಿಗೆ ಅದೇ ಕೆಟ್ಟ ಕಾಲ. ಸ್ಯಾಂಪಲ್ಲನ್ನು ಪರೀಕ್ಷೆಗೆ ಹದಮಾಡುವ ಈ ಕೆಲಸ ಮನುಷ್ಯನ ಕೈಯಿಂದ ಯಂತ್ರದ ಒಳಗೆ ಹೋಗಲು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಮಲೆನಾಡಿನ ಮಟ್ಟಿಗೆ ಅದು ಇನ್ನೂ ಪೂರ್ತಿಯಾಗಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ತನಿಖೆಗೆ ಬಂದದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು, ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ (ಎನ್‌ಐವಿ). ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳ ಕೈಯಲ್ಲಿದ್ದ ವಿಧಾನ ಆ ಕಾಲಕ್ಕೆ ತಕ್ಕದ್ದು. ಸತ್ತ ಮಂಗದ ಅಂಗಾಂಶವನ್ನೋ ಗುಂಪು ಗುಂಪಾಗಿ ವಿಂಗಡಿಸಿದ ಉಣುಗುಗಳನ್ನೋ ಅರೆದು, ದ್ರಾವಣ ಮಾಡಿ, ಅದನ್ನು ಇಲಿಮರಿಗಳ ಮಿದುಳಿಗೆ ಚುಚ್ಚಿ, ಮರಿಗಳಿಗೆ ಕಾಯಿಲೆ ಬರುತ್ತದೆಯೇ ಎಂದು ಕಾಯಬೇಕು. ಅರೆಯುವಾಗ, ಸೆಂಟ್ರಿಫ್ಯೂಜ್ ತಿರುಗುವಾಗ, ಸಿರಿಂಜು ಹೊರಗೆಳೆಯುವಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏಳುತ್ತವೆ. ಅವನ್ನು ಉಸಿರಾಡಿದವರು ಮಲಗಿದರು. ಕಾಡಿಗೆ ಕಾಲಿಡದ ಲ್ಯಾಬ್ ಸಿಬ್ಬಂದಿಗೂ ಮಂಗನ ಕಾಯಿಲೆ ಬಂತು. ಲ್ಯಾಬಿನಲ್ಲೇ ತಗಲುವ ಸೋಂಕು ಎಷ್ಟು ದೊಡ್ಡ ಸಮಸ್ಯೆಯಾಯಿತೆಂದರೆ 1970ರ ದಶಕದ ಆರಂಭದಲ್ಲಿ ಪುಣೆಯಲ್ಲಿ ಈ ವೈರಸ್ಸಿನ ಕೆಲಸವನ್ನೇ ನಿಲ್ಲಿಸಬೇಕಾಯಿತು. ನಮ್ಮ ಜನ ಕಾಡಂಚಿನಲ್ಲಿ ಕಾಯಿಲೆ ಬೀಳುತ್ತಿದ್ದಂತೆಯೇ ಅದನ್ನು ಓದುವ ಕೈಗಳು ಹಿಂದೆ ಸರಿದವು. ಈ ಕಾಯಿಲೆಯ ಚರಿತ್ರೆಯಲ್ಲಿ ಇದರಷ್ಟು ಬೇಸರ ತರುವ ಅಧ್ಯಾಯ ನನಗೆ ಇನ್ನೊಂದಿಲ್ಲ.

ಕೈಯನ್ನು ಅಪಾಯದಿಂದ ದೂರವಿಡುವ ಯೋಚನೆ ಆಗ ಲೋಕದಲ್ಲಿ ಇರಲಿಲ್ಲವೆಂದಲ್ಲ. ಅಣು ವಿಜ್ಞಾನಿಗಳಿಗೆ ಅದು ಮೊದಲೇ ಹೊಳೆದಿತ್ತು. ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ 1940ರ ದಶಕದ ಕೊನೆಗೇ ದಪ್ಪ ಗೋಡೆಯ ಆಚೆ ವಿಕಿರಣಶೀಲ ವಸ್ತುವನ್ನು ಹಿಡಿಯುವ ಯಾಂತ್ರಿಕ ಕೈಗಳನ್ನು ರೂಪಿಸಿದ್ದರು. ವೈದ್ಯಕೀಯ ಲ್ಯಾಬ್‌ಗಳ ಯಾಂತ್ರೀಕರಣ ಹುಟ್ಟಿದ್ದು ಬೇರೆ ಕಾರಣಕ್ಕೆ. ಕ್ಯಾಸನೂರಿನ ವರ್ಷವಾದ 1957ರಲ್ಲೇ ಲಿಯೊನಾರ್ಡ್ ಸ್ಕೆಗ್ಸ್ ರಕ್ತಪರೀಕ್ಷೆಯ ಸ್ವಯಂಚಾಲಿತ ವಿಧಾನವನ್ನು ಪ್ರಕಟಿಸಿದರು. ಅವರ ಗುರಿ ವೇಗ ಮತ್ತು ಏಕರೂಪತೆ. 1980ರ ದಶಕದ ಆರಂಭದಲ್ಲಿ ಝೈಮಾರ್ಕ್ ಕಂಪನಿ ಸ್ಯಾಂಪಲ್ ತಯಾರಿಗೆಂದೇ ರೋಬೋಟ್ ತೋಳನ್ನು ಮಾರುಕಟ್ಟೆಗೆ ತಂದಿತು. ಜಪಾನಿನ ಕೋಚಿ ವೈದ್ಯಕೀಯ ಶಾಲೆಯಲ್ಲಿ ಮಸಾಹಿದೆ ಸಸಾಕಿ ಸ್ಯಾಂಪಲ್‌ಗಳನ್ನು ಕನ್ವೇಯರ್ ಪಟ್ಟಿಯ ಮೇಲೆ ಓಡಿಸಿದರು. ಇವೆಲ್ಲ ದೊಡ್ಡ ಆಸ್ಪತ್ರೆಯ, ದೊಡ್ಡ ಕಂಪನಿಯ ಅನುಕೂಲಗಳಾಗಿಯೇ ಉಳಿದವು.

ನಮ್ಮ ಕಥೆಗೆ ತಿರುವು ಕೊಟ್ಟದ್ದು ಒಂದು ರಾಸಾಯನಿಕ. 1990ರಲ್ಲಿ ನೆದರ್ಲೆಂಡ್ಸಿನ ಬೂಮ್ ಮತ್ತು ಸಂಗಡಿಗರು ಗ್ವಾನಿಡಿನಿಯಮ್ ಥಯೋಸಯನೇಟ್ ಎಂಬ ಲವಣ ಮತ್ತು ಸಿಲಿಕಾ ಕಣಗಳನ್ನು ಬಳಸಿ ರಕ್ತದಿಂದ ನ್ಯೂಕ್ಲಿಯಿಕ್ ಆಮ್ಲ ಬೇರ್ಪಡಿಸುವ ಸರಳ ದಾರಿಯನ್ನು ಪ್ರಕಟಿಸಿದರು. ಲವಣ ವೈರಸ್ಸಿನ ಕವಚವನ್ನು ಒಡೆಯುತ್ತದೆ. ಬಿಡುಗಡೆಯಾದ ಆರ್‌ಎನ್‌ಎ ಸಿಲಿಕಾಕ್ಕೆ ಅಂಟಿಕೊಳ್ಳುತ್ತದೆ. ಉಳಿದದ್ದನ್ನು ತೊಳೆದು, ಬೇಕಾದ್ದನ್ನು ಕೊನೆಗೆ ಬಿಡಿಸಿಕೊಳ್ಳಬಹುದು. ಸೋಂಕು ಹರಡುವ ಶಕ್ತಿ ಮೊದಲ ಹಂತದಲ್ಲೇ ಮುರಿಯುತ್ತದೆ. ಸಿಲಿಕಾ ಹೊದ್ದ ಕಣಗಳ ಒಳಗೆ ಕಬ್ಬಿಣದ ಅಂಶವಿಟ್ಟರೆ ಅಯಸ್ಕಾಂತದ ಕಡ್ಡಿಯೇ ಅವನ್ನು ಒಂದು ಗುಳಿಯಿಂದ ಇನ್ನೊಂದಕ್ಕೆ ಎತ್ತಿಡಬಲ್ಲದು. ಕೈಯಲ್ಲಿ ಮಾಡಿದರೆ ಒಂದೊಂದು ಟ್ಯೂಬನ್ನೂ ಹಲವು ಸಲ ತೆರೆದು, ಪಿಪೆಟ್ ಹಾಕಿ, ತಿರುಗಿಸಿ, ಮತ್ತೆ ತೆರೆಯಬೇಕು. ಯಂತ್ರಕ್ಕೆ ಕೊಟ್ಟರೆ ಹತ್ತಾರು ಸ್ಯಾಂಪಲ್‌ಗಳು ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ ಒಟ್ಟಿಗೇ ಮುಗಿಯುತ್ತವೆ.

ಪುಣೆಯ ವಿಜ್ಞಾನಿಗಳು 2012ರಲ್ಲಿ ಮಂಗನ ಕಾಯಿಲೆಗೆ ವೈರಸ್ಸಿನ ಆರ್‌ಎನ್‌ಎ ಹುಡುಕುವ ಆರ್‌ಟಿ-ಪಿಸಿಆರ್ ಮತ್ತು ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆಗಳನ್ನು ಪ್ರಕಟಿಸಿದರು. ಇಲಿಮರಿಗಾಗಿ ದಿನಗಟ್ಟಲೆ ಕಾಯುವುದು ತಪ್ಪಿತು. ಅದೇ ವರ್ಷ ಅಲ್ಲಿನ ಬಿಎಸ್‌ಎಲ್-4, ಅಂದರೆ ಅತ್ಯುನ್ನತ ಜೈವಿಕ ಸುರಕ್ಷತೆಯ, ಪ್ರಯೋಗಾಲಯ ಸಿದ್ಧವಾಯಿತು. ಜೀವಂತ ವೈರಸ್ ಬೆಳೆಸಲು ಭದ್ರ ಜಾಗ ಸಿಕ್ಕಿತು. ಆದರೆ 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಸಿಡಿದಾಗ ಜನ ಅನುಭವಿಸಿದ ಕಷ್ಟ ಬೇರೆ ಬಗೆಯದು: ರಕ್ತ ಇಲ್ಲಿ, ಯಂತ್ರ ಎಲ್ಲೋ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿ.ಮೀ.; ಪುಣೆ, ಮಣಿಪಾಲದ ಮಾತು ಹಾಗಿರಲಿ. ಮೂರು ಪದರದ ಪೊಟ್ಟಣದಲ್ಲಿ, ತಂಪು ಕೆಡದಂತೆ, ಜೀವಂತ ವೈರಸ್ಸೇ ಘಾಟಿಯ ರಸ್ತೆಯಲ್ಲಿ ಪ್ರಯಾಣ ಮಾಡಬೇಕು.

ಕೋವಿಡ್ ಕಾಲ ದೊಡ್ಡ ರೋಬೋಟುಗಳನ್ನು ಮನೆಮಾತಾಗಿಸಿತು. 2020ರ ಮೇ ತಿಂಗಳಲ್ಲಿ ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರಕ್ಕೆ ಬಂದ ಕೋಬಾಸ್ 6800 ಯಂತ್ರ ದಿನಕ್ಕೆ ಸುಮಾರು 1,200 ಸ್ಯಾಂಪಲ್ ಮುಗಿಸುತ್ತದೆ, ಸಿಬ್ಬಂದಿಗೆ ಸೋಂಕಿನ ಅಪಾಯ ಕಡಿಮೆ ಮಾಡುತ್ತದೆ ಎಂದು ಸರ್ಕಾರ ಹೇಳಿತು. ಮಂಗನ ಕಾಯಿಲೆಗೆ ಅಂಥ ದೈತ್ಯ ಬೇಕಿಲ್ಲ. ಇಲ್ಲಿ ದಿನಕ್ಕೆ ಬರುವ ಸ್ಯಾಂಪಲ್ ಅಷ್ಟೊಂದಿಲ್ಲ, ಬರುವುದೂ ದೂರದೂರದ ಊರುಗಳಿಂದ.

ಹೀಗಾಗಿ ಈ ಕ್ಷೇತ್ರದಲ್ಲಿ ಮಲೆನಾಡಿಗೆ ನಿಜವಾಗಿ ಒದಗುವಂಥದ್ದು ಟ್ರೂನ್ಯಾಟ್ ಎಂಬ ಚಿಕ್ಕ ಯಂತ್ರ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್‌ನಲ್ಲಿ ಬೆಳೆದು ಗೋವಾದ ಮೋಲ್‌ಬಯೋ ತಯಾರಿಸುವ ಈ ವ್ಯವಸ್ಥೆ ಬ್ಯಾಟರಿಯಲ್ಲೂ ನಡೆಯುತ್ತದೆ. ಮಳೆಗಾಲದ ಕರೆಂಟನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು. ಎನ್‌ಐವಿ ಜೊತೆ ಸೇರಿ ಇದರಲ್ಲಿ ಮಂಗನ ಕಾಯಿಲೆಯ ಪರೀಕ್ಷೆಯನ್ನೂ ರೂಪಿಸಲಾಯಿತು. ಅದರ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ರಕ್ತವನ್ನು ವೈರಸ್ ಒಡೆಯುವ ಲೈಸಿಸ್ ದ್ರಾವಣಕ್ಕೆ ಹಾಕಿ ಕಾರ್ಟ್ರಿಜ್‌ಗೆ ಸುರಿದರೆ ಮುಂದಿನ ತೊಳೆತವೆಲ್ಲ ಒಳಗೇ ಆಗುತ್ತದೆ, ಕೊಳಕು ನೀರೂ ಅದರೊಳಗೇ ಉಳಿಯುತ್ತದೆ. ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ. ತೋಳಿಲ್ಲ, ಬೆರಳಿಲ್ಲ, ಪಂಪು, ಹೀಟರ್, ಕವಾಟಗಳಷ್ಟೆ. ಆದರೂ ಝೈಮಾರ್ಕಿನ ತೋಳು ಮಾಡುತ್ತಿದ್ದ ಕೆಲಸದ ಸಾರ ಇದರಲ್ಲಿದೆ. 2022ರ ಫೆಬ್ರವರಿಯಲ್ಲಿ ನಾಸಿಕ್‌ನಲ್ಲಿ ಉದ್ಘಾಟನೆಯಾದ ಸಂಚಾರಿ ಬಿಎಸ್‌ಎಲ್-3 ಪ್ರಯೋಗಾಲಯದ್ದೂ ಇದೇ ದಿಕ್ಕು: ಲ್ಯಾಬ್ ತಾನೇ ರೋಗವಿರುವಲ್ಲಿಗೆ ಹೋಗುವುದು. 2023ರ ನಿಫಾ ಹಾವಳಿಯಲ್ಲಿ ಅದು ಕೋಝಿಕ್ಕೋಡಿಗೆ ಹೋಯಿತು.

ಯಂತ್ರ ಬಂದ ಮೇಲೆ ಅಪಾಯ ರೂಪ ಬದಲಿಸುತ್ತದೆ ಎಂಬುದನ್ನೂ ಹೇಳಬೇಕು. ವೈರಸ್ಸನ್ನು ಒಡೆಯುವ ಆ ಗ್ವಾನಿಡಿನ್ ಲವಣಕ್ಕೆ ಬ್ಲೀಚಿಂಗ್ ದ್ರಾವಣ ತಗುಲಿದರೆ ವಿಷಾನಿಲ ಏಳುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಚೆಲ್ಲಿದ್ದಕ್ಕೆಲ್ಲ ಮೊದಲು ಸುರಿಯುವುದೇ ಆ ಬ್ಲೀಚ್, ಅಂದರೆ ಹೈಪೋಕ್ಲೋರೈಟ್. ಬಳಸಿದ ಕಾರ್ಟ್ರಿಜ್ ವಿಲೇವಾರಿಯ ತರಬೇತಿ ಯಂತ್ರದ ಜೊತೆಗೇ ತಾಲ್ಲೂಕಿಗೆ ಬರಬೇಕು.

ಇಷ್ಟಾದರೂ ಸರಪಳಿಯ ಮೊದಲ ಕೊಂಡಿಗೆ ಯಾವ ಯಂತ್ರವೂ ಕೈಹಾಕಿಲ್ಲ. ಕಾಡಿನಲ್ಲಿ ಮುಸುವವೋ ಮಂಗವೋ ಸತ್ತುಬಿದ್ದರೆ, ಇಳಿಬಿಸಿಲಿನಲ್ಲಿ ಪಿಪಿಇ ತೊಟ್ಟು, ಸುತ್ತ ಉಣುಗು ಹರಿದಾಡುತ್ತಿರುವಲ್ಲೇ ಕುಳಿತು, ಕತ್ತಿಯಿಂದ ಅಂಗಾಂಶ ತೆಗೆಯುವವರು ಮನುಷ್ಯರೇ. ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯುವವರೂ ಅವರೇ. ಆ ಅಂಗಾಂಶವನ್ನು ಮುಚ್ಚಿದ ಟ್ಯೂಬಿನೊಳಗೇ ಮಣಿಗಳ ಕುಲುಕಾಟದಿಂದ ಪುಡಿಮಾಡುವ ಯಂತ್ರಗಳಿವೆ. ಒರಳಿನ ಕಾಲ ಅಲ್ಲಿಗೆ ಮುಗಿಯುತ್ತದೆ. ರಕ್ತದ ವಿಷಯದಲ್ಲಿ ಇನ್ನೂ ಸುಲಭದ ದಾರಿಯಿದೆ: ಲೈಸಿಸ್ ದ್ರಾವಣ ತುಂಬಿದ ಟ್ಯೂಬುಗಳು ಆರೋಗ್ಯ ಕೇಂದ್ರದಲ್ಲೇ ಇದ್ದರೆ ಸ್ಯಾಂಪಲ್ ಬಾಗಿಲು ದಾಟುವ ಮೊದಲೇ ಬಹುಮಟ್ಟಿಗೆ ನಿರುಪದ್ರವಿಯಾಗುತ್ತದೆ. ಹಾಗೆ ಒಡೆದ ರಕ್ತದಿಂದ ವೈರಸ್ ಬೆಳೆಸಲಾಗದು, ಎಲೈಸಾಗೂ ಅದು ಆಗದು. ಆದ್ದರಿಂದ ಎರಡು ಟ್ಯೂಬ್ ಬೇಕು: ಒಂದು ತಾಲ್ಲೂಕಿನ ಯಂತ್ರಕ್ಕೆ, ಅಂದೇ, ಇನ್ನೊಂದು ತಂಪುಪೆಟ್ಟಿಗೆಯಲ್ಲಿ ದೊಡ್ಡ ಲ್ಯಾಬಿಗೆ, ಅಗತ್ಯಬಿದ್ದಾಗ ಮಾತ್ರ.