ಹಣಕಾಸಿನ ಗಣಿತ: ವಿದ್ಯೆಯೂ ವೃತ್ತಿಯೂ

ಹಣಕಾಸಿನ ಗಣಿತವನ್ನು ಕಲಿತು ಅದನ್ನೇ ಜೀವನೋಪಾಯವಾಗಿ ಮಾಡಿಕೊಳ್ಳಬಯಸುವ ತರುಣರು ಇಂದು ಹಲವರಿದ್ದಾರೆ. ಆದರೆ ಈ ವಿದ್ಯೆಯ ಪ್ರವರ್ತಕರಿಗೆ ಅದು ಸುಲಭವಾಗಿ ವೃತ್ತಿಯನ್ನು ಒದಗಿಸಲಿಲ್ಲವೆಂಬುದನ್ನು ನಾವು ಗಮನಿಸಬೇಕು.

ಲೂಯಿ ಬಾಶೆಲಿಯೆಯವರು 1870ರಲ್ಲಿ ಫ್ರಾನ್ಸಿನ ಲ ಆವ್ರ್ ಬಂದರಿನಲ್ಲಿ ದ್ರಾಕ್ಷಾಮದ್ಯದ ವರ್ತಕರ ಮನೆಯಲ್ಲಿ ಜನಿಸಿದರು. 1889ರಲ್ಲಿ ತಂದೆತಾಯಿಗಳು ತೀರಿಹೋಗಲು, ಮನೆತನದ ವ್ಯಾಪಾರವನ್ನು ವಹಿಸಿಕೊಂಡು, ಅನಂತರವೇ ಪ್ಯಾರಿಸಿನಲ್ಲಿ ಗಣಿತಾಭ್ಯಾಸಕ್ಕೆ ತೊಡಗಿದರು. 1900ರಲ್ಲಿ ಅವರು ಒಪ್ಪಿಸಿದ ಪ್ರಬಂಧವು ಪೇಟೆಯ ಬೆಲೆಗಳ ಏರಿಳಿತವನ್ನು ಸಂಭಾವ್ಯತೆಯ ಗಣಿತದಿಂದ ವಿವೇಚಿಸಿ, ಆ ಏರಿಳಿತದ ಹರವು ಕಾಲದ ವರ್ಗಮೂಲದಂತೆ ಬೆಳೆಯುವುದೆಂದು ತೋರಿಸಿತು. ಪರೀಕ್ಷಕರಾದ ಪ್ವಾಂಕರೆಯವರು ಅದರ ಸ್ವಂತಿಕೆಯನ್ನು ಮೆಚ್ಚಿದರೂ ವಿಷಯವು ವಾಡಿಕೆಗೆ ದೂರವೆಂದು ಬರೆದರು. ಅತ್ಯುನ್ನತ ಶ್ರೇಣಿ ದೊರೆಯಲಿಲ್ಲ. ಬೆಸಾನ್ಸೋನ್ ನಗರದಲ್ಲಿ ಖಾಯಂ ಪ್ರಾಧ್ಯಾಪಕ ಪದವಿಯು ಲಭಿಸಿದ್ದು 1927ರಲ್ಲಿ. 1946ರಲ್ಲಿ ಅವರು ನಿಧನರಾದರು.

1950ರ ದಶಕದಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ಯುಅಲ್‌ಸನ್ನರು ಆ ಕೃತಿಯನ್ನು ಬೆಳಕಿಗೆ ತಂದರು. ಗೊತ್ತಾದ ಬೆಲೆಗೆ ಮುಂದೆ ಕೊಳ್ಳುವ ಹಕ್ಕಿಗೆ ಮೌಲ್ಯ ಕಟ್ಟುವ ಬ್ಲ್ಯಾಕ್ ಮತ್ತು ಶೋಲ್ಸರ ಸೂತ್ರವು 1973ರಲ್ಲಿ ಪ್ರಕಟವಾಯಿತು. ಅದೇ ವರ್ಷ ಶಿಕಾಗೋ ನಗರದಲ್ಲಿ ಅಂತಹ ಹಕ್ಕುಗಳ ವ್ಯವಸ್ಥಿತ ಪೇಟೆಯೂ ತೆರೆಯಿತು. ಸೂತ್ರವೂ ಪೇಟೆಯೂ ಕೂಡಿದ ಮೇಲೆ ಈ ವೃತ್ತಿಯು ನೆಲೆಗೊಂಡಿತು.

ಪೇಟೆ ಬೇಡಿದಷ್ಟನ್ನೇ ಕಲಿಯಬೇಕೆಂಬ ನಿಯಮವಿದ್ದಿದ್ದರೆ, ಪೇಟೆಗೆ ಇಂದು ಬೇಕಾಗಿರುವ ಈ ಶಾಸ್ತ್ರವು 1900ರಲ್ಲಿ ಹುಟ್ಟುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.